ಅರಮನೆಗೂ ಮೊದಲು ಮಡಕೆಯ ಮೇಲೆ

ಪಿರಮಿಡ್ಡುಗಳಿಗೆ ಸಾವಿರ ವರ್ಷ ಮೊದಲು ಈಜಿಪ್ಟಿನ ಜನ ಸತ್ತವರನ್ನು ಮರಳಿನ ಗುಂಡಿಯಲ್ಲಿ ಮೊಣಕಾಲು ಮಡಚಿ, ಎಡಮಗ್ಗುಲಾಗಿ ಮಲಗಿಸುತ್ತಿದ್ದರು. ಸುತ್ತ ಮಡಕೆಗಳನ್ನಿಡುತ್ತಿದ್ದರು. ಫೆರೋಗಳ ವೈಭವದ ಕಲೆ ಕಣ್ಣು ಬಿಟ್ಟದ್ದು ಈ ಮಡಕೆಗಳ ಮೈಮೇಲೆ.

1894–95ರಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಈಜಿಪ್ಟಿನ ನಕಾದಾದಲ್ಲಿ ಇಂಥ 2,000ಕ್ಕೂ ಹೆಚ್ಚು ಗೋರಿಗಳನ್ನು ಅಗೆದರು. ಬರಹವಿಲ್ಲ, ಅರಸರ ಹೆಸರಿಲ್ಲ. ಹೊರಗಿನಿಂದ ಬಂದ ಜನರಿರಬೇಕೆಂದು ಅವರು ಮೊದಲು ಭಾವಿಸಿದರು. ಇವು ರಾಜವಂಶಗಳಿಗೂ ಹಿಂದಿನವೆಂದು ಗುರುತಿಸಿದವರು ಫ್ರಾನ್ಸಿನ ಜಾಕ್ ದ ಮೋರ್ಗನ್. ಮುಂದೆ ಪೆಟ್ರಿ ಗೋರಿಗೊಂದು ಚೀಟಿ ಬರೆದು, ಮಡಕೆಗಳ ಅಲೆಯಾಕಾರದ ಹಿಡಿಕೆಗಳು ಸವೆಯುತ್ತ ಬರೀ ಗೆರೆಯಾದದ್ದನ್ನೇ ಜಾಡು ಹಿಡಿದು, ಕಾಲಕ್ರಮವನ್ನು ಜೋಡಿಸಿದರು.

ಆ ಕ್ರಮದಲ್ಲಿ ಚಿತ್ರದ ಬೆಳವಣಿಗೆ ಕಾಣುತ್ತದೆ. ಕ್ರಿ.ಪೂ. 3900ರ ಸುಮಾರಿಗೆ ನೈಲ್‌ನ ಮೆಕ್ಕಲುಮಣ್ಣಿನ ಕೆಂಪು ಪಾತ್ರೆಗಳನ್ನು ಉಜ್ಜಿ ಹೊಳಪು ಕೊಟ್ಟು, ಬಿಳಿ ಬಣ್ಣದಲ್ಲಿ ನೀರಾನೆ, ಮೊಸಳೆ, ಬೇಟೆಗಾರರನ್ನು ಬರೆದರು. ಕ್ರಿ.ಪೂ. 3500ರ ಹೊತ್ತಿಗೆ ಕುಂಬಾರರು ಮರುಭೂಮಿಯಂಚಿನ ಸುಣ್ಣದಂಶದ ಜೇಡಿಮಣ್ಣಿಗೆ ಕೈಹಾಕಿದರು. ಅದಕ್ಕೆ ಹೆಚ್ಚಿನ ಕಾವು ಬೇಕು; ಸುಟ್ಟ ಮೇಲೆ ಮೈ ತಿಳಿ ಬಣ್ಣಕ್ಕೆ ತಿರುಗುತ್ತದೆ. ಹೀಗಾಗಿ ಬಣ್ಣಗಳೇ ಅದಲುಬದಲಾದವು: ತಿಳಿ ಮೈಮೇಲೆ ಕೆಮ್ಮಣ್ಣಿನ ಗೆರೆ. ಸಾಲು ಹುಟ್ಟುಗಳ ಉದ್ದನೆಯ ದೋಣಿ, ನಡುವೆ ಎರಡು ಗೂಡು, ಕಂಬಕ್ಕೆ ಲಾಂಛನ. ಕೈಯೆತ್ತಿ ನಿಂತ ಹೆಂಗಸರು, ಉದ್ದ ಕತ್ತಿನ ಹಕ್ಕಿಗಳು, ಬೆಟ್ಟಗಳಂಥ ತ್ರಿಕೋನಗಳು. ಸತ್ತವನ ಪಕ್ಕದಲ್ಲಿ ಇಡೀ ನದಿತೀರವೇ ನೆರೆದಂತಿತ್ತು.

ಹಿಯೆರಾಕೊನ್‌ಪೊಲಿಸ್‌ನ 100ನೇ ಗೋರಿಯಲ್ಲಿ ಇಂಥದೇ ದೋಣಿಗಳು ಗೋಡೆಗೇರಿವೆ. ಒಂದು ಮೂಲೆಯಲ್ಲಿ ಸೆರೆಯಾಳುಗಳ ಮೇಲೆ ಗದೆಯೆತ್ತಿದವನಿದ್ದಾನೆ. ಅಲ್ಲಿಯದೇ, ಅರಸ ನಾರ್ಮರ್‌ನ ಕಲ್ಲಿನ ಫಲಕದಲ್ಲಿ, ಕ್ರಿ.ಪೂ. 3100ರ ಸುಮಾರಿಗೆ, ಅದೇ ಭಂಗಿ ಅರಸನದಾಗಿದೆ. ಅಷ್ಟರಲ್ಲಿ ಮಡಕೆಯ ಚಿತ್ರಗಳು ನಿಂತುಹೋಗಿದ್ದವು. ಅಬಿಡೋಸ್‌ನ ಯು-ಜೆ ಎಂಬ ದೊಡ್ಡ ಗೋರಿಯ ಜಾಡಿಗಳ ಮೇಲೆ ದೋಣಿಗಳ ಮೆರವಣಿಗೆಯಿಲ್ಲ. ಕೆಲವಕ್ಕೆ ಮಸಿಯಲ್ಲಿ ಚೇಳಿನಂಥ ಗುರುತು, ಅಷ್ಟೇ.

ಆದರೆ ಗೆದ್ದವನನ್ನು ದೊಡ್ಡದಾಗಿ, ಸೋತವನನ್ನು ಚಿಕ್ಕದಾಗಿ ಬರೆಯುವ ರೀತಿ ಅರಮನೆಯಲ್ಲಿ ಹುಟ್ಟಿದ್ದಲ್ಲ. ಅಬಿಡೋಸ್‌ನದೇ ಯು-239 ಗೋರಿಯ ಕೆಂಪು ಪಾತ್ರೆಯ ಮೇಲೆ, ನಾರ್ಮರ್‌ಗೆ ಶತಮಾನಗಳ ಮೊದಲೇ, ಅದು ಬಿಳಿ ಬಣ್ಣದಲ್ಲಿದೆ. ಮೂರು ಸಾವಿರ ವರ್ಷ ದೇಗುಲದ ಗೋಡೆಗಳಲ್ಲಿ ಮೆರೆದ ಆ ಚಿತ್ರಕ್ಕೆ ಮೊದಲ ರೂಪ ಕೊಟ್ಟವರಲ್ಲಿ ಹೆಸರಿಲ್ಲದ ಈ ಕುಶಲಕರ್ಮಿಗಳೂ ಇದ್ದರು. ಈಜಿಪ್ಟಿನ ಕಲೆಯ ಚರಿತ್ರೆ ಅವರಿಂದಲೇ ಆರಂಭವಾಗಬೇಕು.