ಅಂಕಿಗಳ ಹಿಂದಿನ ರೈತನನ್ನು ಹುಡುಕಿದವರು

ಕಾರವಾರದ ಕೋಡಿಬಾಗದಲ್ಲಿ ನಿಂತರೆ ಕಾಳಿ ನದಿ ಕಡಲು ಸೇರುವ ನೋಟ ಕಾಣುತ್ತದೆ. ಆಚೆ ದಡದಲ್ಲಿ ಸದಾಶಿವಗಡ. ಕಾರವಾರದ ಮಾತು ಬಂದಾಗಲೆಲ್ಲ ಇಲ್ಲಿಗೆ ಬಂದುಹೋದ ರವೀಂದ್ರನಾಥ ಟಾಗೋರರ ನೆನಪಾಗುತ್ತದೆ. ಇದೇ ಊರಿನಲ್ಲಿ ಹುಟ್ಟಿ, ದೇಶದ ಒಂದು ಪೀಳಿಗೆಯ ಅರ್ಥಶಾಸ್ತ್ರಜ್ಞರು ಯೋಚಿಸುವ ಬಗೆಯನ್ನು ತಿದ್ದಿದ ಕೃಷ್ಣಾ ಭಾರದ್ವಾಜ್ ಅವರ ಹೆಸರು ಮಾತ್ರ ಇಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ಅವರು ಹುಟ್ಟಿದ್ದು 1935ರ ಆಗಸ್ಟ್ 21ರಂದು, ಕೊಂಕಣಿ ಮನೆಮಾತಿನ ಚಂದಾವರ್ಕರ್ ಕುಟುಂಬದಲ್ಲಿ. ಕಾರವಾರ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಹೀಗಾಗಿ ಓದಿನ ದಾರಿ ಬೆಳಗಾವಿಯ ಮೂಲಕ ಮುಂಬಯಿಗೆ ಸಾಗಿತು. ಹಿಂದೂಸ್ತಾನಿ ಸಂಗೀತವೂ ಜೊತೆಗಿತ್ತು. 1960ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದದ್ದು ಸಾರಿಗೆ ಯೋಜನೆಯ ಕುರಿತು. ಆರಂಭದ ಕೆಲಸವೆಲ್ಲ ಕೋಷ್ಟಕಗಳದ್ದೇ: ಒಂದು ಉದ್ಯಮದ ಉತ್ಪನ್ನ ಇನ್ನೊಂದಕ್ಕೆ ಕಚ್ಚಾವಸ್ತುವಾಗುವ ಸರಪಳಿಯನ್ನು ಅಳೆಯುವ ಲೆಕ್ಕಾಚಾರ.

ಆ ಹಾದಿಯನ್ನು ತಿರುಗಿಸಿದ್ದು ಒಂದು ಪುಸ್ತಕ ವಿಮರ್ಶೆ. ಕೇಂಬ್ರಿಜ್‌ನಲ್ಲಿದ್ದ ಇಟಲಿಯ ಅರ್ಥಶಾಸ್ತ್ರಜ್ಞ ಪಿಯೆರೊ ಸ್ರಾಫಾ 1960ರಲ್ಲಿ ನೂರು ಪುಟವೂ ಇಲ್ಲದ ಒಂದು ಪುಸ್ತಕ ಪ್ರಕಟಿಸಿದ್ದರು. ಬೆಲೆಯನ್ನು ಬೇಡಿಕೆ–ಪೂರೈಕೆಗಳೇ ನಿರ್ಧರಿಸುತ್ತವೆಂಬ ನಂಬಿಕೆಯ ಬುಡವನ್ನೇ ಅಲುಗಿಸಿದ ಆ ಕೃತಿ ಪಂಡಿತರಿಗೂ ಕಬ್ಬಿಣದ ಕಡಲೆಯಾಗಿತ್ತು. ಸಚಿನ್ ಚೌಧುರಿ ಸಂಪಾದಕರಾಗಿದ್ದ ‘ಎಕನಾಮಿಕ್ ವೀಕ್ಲಿ’ಯಲ್ಲಿ 1963ರಲ್ಲಿ ಪ್ರಕಟವಾದ ಕೃಷ್ಣಾ ಅವರ ವಿಮರ್ಶೆ ಸ್ವತಃ ಸ್ರಾಫಾ ಅವರ ಮೆಚ್ಚುಗೆ ಗಳಿಸಿತು. ಲೇಖಕಿಗೆ ಆಗ ಇಪ್ಪತ್ತೆಂಟು. ಮುಂಬಯಿಯ ಒಂದು ವಾರಪತ್ರಿಕೆಯ ಬರಹ ಕೇಂಬ್ರಿಜ್‌ನ ಬಾಗಿಲು ತೆರೆಯಿತೆಂಬುದು ಇಂದು ನಂಬಲು ಕಷ್ಟವೆನಿಸುವ ಸಂಗತಿ. 1967ರಲ್ಲಿ ಅವರು ಅಲ್ಲಿಗೆ ಹೋದರು.

ಆದರೆ ಭಾರತದ ಸಂಶೋಧಕರ ಮೇಲೆ ಅವರ ಪ್ರಭಾವ ಹೆಚ್ಚು ಬಿದ್ದದ್ದು ಬೇಸಾಯದ ಅಧ್ಯಯನದಿಂದ. 1950ರ ದಶಕದಲ್ಲಿ ಹಲವು ರಾಜ್ಯಗಳಲ್ಲಿ ಸರ್ಕಾರ ನಡೆಸಿದ ಕೃಷಿ ನಿರ್ವಹಣೆಯ ಸಮೀಕ್ಷೆಗಳಲ್ಲಿ ಒಂದು ವಿಚಿತ್ರ ಕಂಡಿತ್ತು: ಹಿಡುವಳಿ ಚಿಕ್ಕದಾದಷ್ಟೂ ಎಕರೆವಾರು ಉತ್ಪನ್ನದ ಮೌಲ್ಯ ಹೆಚ್ಚು. ಅಮರ್ತ್ಯ ಸೇನ್ 1962ರಲ್ಲಿ ಇದರತ್ತ ಗಮನ ಸೆಳೆದ ಮೇಲೆ ವಾದವಿವಾದ ಬೆಳೆಯಿತು. ಹಾಗಿದ್ದರೆ ಸಣ್ಣ ರೈತನೇ ದಕ್ಷನೇ?

ಭಾರದ್ವಾಜ್ ಅದೇ ಅಂಕಿಗಳನ್ನು ಮತ್ತೆ ಹರಡಿಕೊಂಡು ಕುಳಿತರು. 1974ರಲ್ಲಿ ಕೇಂಬ್ರಿಜ್‌ನಿಂದ ಹೊರಬಂದ ಭಾರತೀಯ ಕೃಷಿಯ ಉತ್ಪಾದನಾ ಸ್ಥಿತಿಗತಿಗಳ ಕುರಿತ ಅವರ ಕೃತಿ ಈ ಕೆಲಸದ ಫಲ. ಆ ಸಂಬಂಧ ಎಲ್ಲ ಕಡೆಯೂ ಗಟ್ಟಿಯಾಗಿಲ್ಲ. ಬೆಳೆ ಬೆಳೆಯನ್ನೂ ಬೇರೆಯಾಗಿ ನೋಡಿದರೆ ಅಂತರ ಮತ್ತೂ ತೆಳುವಾಗುತ್ತದೆ. ವ್ಯತ್ಯಾಸವಿದ್ದದ್ದು ಹೆಚ್ಚಾಗಿ ಯಾವ ಬೆಳೆ, ವರ್ಷಕ್ಕೆ ಎಷ್ಟು ಬೆಳೆ ಎಂಬುದರಲ್ಲಿ. ಸಣ್ಣ ರೈತ ಅಂಥ ಬೆಳೆಯನ್ನು ಆರಿಸುವುದೇಕೆ ಎಂಬ ಮುಂದಿನ ಪ್ರಶ್ನೆಯೇ ಅವರ ನಿಜವಾದ ಕಾಣಿಕೆ.

ಕಾಳಿ ದಂಡೆಯ ಒಬ್ಬ ಗೇಣಿದಾರನನ್ನು ಊಹಿಸಿಕೊಳ್ಳೋಣ. ಗೇಣಿ ಕೊಡಬೇಕು, ಸಾಲ ತೀರಿಸಬೇಕು. ಕೊಯ್ಲಾದೊಡನೆ ಬೆಲೆ ಬಿದ್ದಿರುವಾಗಲೇ ಭತ್ತ ಮಾರುತ್ತಾನೆ. ಮಳೆಗಾಲದಲ್ಲಿ ಅದೇ ಅಕ್ಕಿಯನ್ನು ಹೆಚ್ಚು ಬೆಲೆಗೆ ಕೊಳ್ಳುತ್ತಾನೆ. ಸಾಲ ಕೊಟ್ಟವನೇ ಭತ್ತ ಕೊಳ್ಳುವವನೂ ಆಗಿದ್ದರೆ, ಜಮೀನಿನ ಒಡೆಯನೂ ಅವನೇ ಆಗಿದ್ದರೆ, ದರದ ಚೌಕಾಸಿಗೆ ಎಡೆಯೆಲ್ಲಿ? ಪೇಟೆಗೆ ಲಾಭಕ್ಕೆ ಹೋಗುವವನನ್ನೂ ಬೇರೆ ಗತಿಯಿಲ್ಲದೆ ಹೋಗುವವನನ್ನೂ ಒಂದೇ ಸರಾಸರಿಯಲ್ಲಿ ಸೇರಿಸಿದರೆ ಲೆಕ್ಕ ತಪ್ಪದಿದ್ದರೂ ಅರ್ಥ ತಪ್ಪುತ್ತದೆ ಎಂಬುದು ಅವರ ವಾದದ ತಿರುಳು. ಭೂಮಿ, ಸಾಲ, ಕೂಲಿ, ಫಸಲು—ಈ ಮಾರುಕಟ್ಟೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ ಎಂಬ ಅವರ ನೋಟ ಹಳ್ಳಿಗಳಿಗೆ ಸಮೀಕ್ಷೆಗೆ ಹೋಗುವವರ ಪ್ರಶ್ನಾವಳಿಯನ್ನೇ ಬದಲಿಸಬಲ್ಲಂಥದು: ಎಷ್ಟು ಮಾರಿದೆ ಎಂದಷ್ಟೇ ಕೇಳಿದರೆ ಸಾಲದು, ಯಾರಿಗೆ, ಯಾವಾಗ, ಯಾವ ಋಣದ ಮೇಲೆ ಎಂದೂ ಕೇಳಬೇಕು. ಇಂಥ ಹೆಣೆಯುವಿಕೆಯನ್ನು ಎರಡೂ ಕಡೆಗೆ ಅನುಕೂಲವಾದ ಒಪ್ಪಂದವೆಂದು ವಿವರಿಸುವ ಸಿದ್ಧಾಂತಗಳು ಮುಂದೆ ಪ್ರಬಲವಾದವು. ಭಾರದ್ವಾಜ್ ಅದರಲ್ಲಿ ಕಂಡದ್ದು ಅಧಿಕಾರವನ್ನು. ಹಳ್ಳಿಯನ್ನು ಬಲ್ಲವರಿಗೆ ಯಾವುದು ಹತ್ತಿರವೆಂದು ಹೇಳಬೇಕಾಗಿಲ್ಲ.

1970ರ ದಶಕದ ಆರಂಭದಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಆರ್ಥಿಕ ಅಧ್ಯಯನ ಮತ್ತು ಯೋಜನಾ ಕೇಂದ್ರವನ್ನು ಕಟ್ಟಿದವರಲ್ಲಿ ಅವರು ಪ್ರಮುಖರು. ಅಲ್ಲಿ ಆಡಂ ಸ್ಮಿತ್, ರಿಕಾರ್ಡೊ, ಮಾರ್ಕ್ಸ್ ಅವರನ್ನು ಹಳೆಯ ಹೆಸರುಗಳಾಗಿ ಅಲ್ಲ, ಇಂದಿನ ಪ್ರಶ್ನೆಗಳಿಗೆ ಒದಗುವವರಾಗಿ ಓದುವ ಪರಿಪಾಠ ಬೆಳೆಯಿತು.

1983ರಲ್ಲಿ ಸ್ರಾಫಾ ತೀರಿಕೊಂಡಾಗ ಬಿಟ್ಟುಹೋದದ್ದು ಅಪ್ರಕಟಿತ ಟಿಪ್ಪಣಿಗಳ ರಾಶಿ. ಅದನ್ನು ಓದಿ ಜೋಡಿಸುವ ಕೆಲಸದಲ್ಲಿ ಕೃಷ್ಣಾ ಭಾರದ್ವಾಜ್ ತೊಡಗಿದರು. ಅದು ಮುಗಿಯುವ ಮೊದಲೇ, 1992ರ ಮಾರ್ಚ್ 8ರಂದು, ಐವತ್ತಾರನೆಯ ವಯಸ್ಸಿನಲ್ಲಿ ಅವರು ನಿಧನರಾದರು.