ನಿಮಗಿದು ಗೊತ್ತೆ? ಕಣ್ಣು ಸರಿಯಿದ್ದರೂ ಕಾಣದ ಮಕ್ಕಳು

ಮುಂಬೈನ ಮಾಟುಂಗದ ಹೂವಿನ ಮಾರ್ಕೆಟ್ಟಿನಲ್ಲಿ ಜನ ಕಿಕ್ಕಿರಿದಾಗ, ಎರಡೇ ಮಾರು ದೂರದಲ್ಲಿ ನಿಂತ ಅಮ್ಮ ಕೆಲವು ಮಕ್ಕಳಿಗೆ ಕಾಣುವುದಿಲ್ಲ. ಸ್ಟೇಷನ್ನಿನ ಮೆಟ್ಟಿಲನ್ನು ಕಾಲಿನಿಂದ ತಡವಿ ತಡವಿ ಇಳಿಯುತ್ತವೆ. ಆದರೆ ಕಣ್ಣಿನ ಡಾಕ್ಟರು ಅಕ್ಷರಪಟ ಓದಿಸಿದರೆ ಕೊನೆಯ ಸಾಲಿನವರೆಗೂ ಸರಾಗ! ದೋಷವಿರುವುದು ಕಣ್ಣಿನಲ್ಲಲ್ಲ, ಕಂಡದ್ದನ್ನು ಅರ್ಥ ಮಾಡಿಕೊಳ್ಳುವ ಮಿದುಳಿನಲ್ಲಿ. ಇದೇ ಸೆರೆಬ್ರಲ್ ವಿಷುವಲ್ ಇಂಪೇರ್‌ಮೆಂಟ್, ಚಿಕ್ಕದಾಗಿ ಸಿವಿಐ. ಅವಧಿಗೆ ಮುನ್ನ ಹುಟ್ಟಿದ, ಹುಟ್ಟುವಾಗ ಉಸಿರುಗಟ್ಟಿದ ಮಕ್ಕಳಲ್ಲಿ ಇದರ ಸಂಭವ ಹೆಚ್ಚು.

ಇದೇನೂ ಅಪರೂಪವಲ್ಲ. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿನ ಸಾಮಾನ್ಯ ಪ್ರಾಥಮಿಕ ಶಾಲೆಗಳಲ್ಲೇ ಸುಮಾರು 30ಕ್ಕೆ ಒಂದು ಮಗುವಿಗೆ ಇಂಥ ಒಂದಾದರೂ ತೊಂದರೆಯಿದೆ.

ಇದನ್ನು ಶಾಲೆಯಲ್ಲೇ ಗುರುತಿಸಲು ಈಗ ಆ್ಯಪ್ ಬಂದಿದೆ. ನ್ಯೂಜಿಲೆಂಡಿನ ನಿಕೋಲಾ ಮ್ಯಾಕ್‌ಡೊವೆಲ್ ರೂಪಿಸಿದ 'ಆಸ್ಟಿನ್ ಅಸೆಸ್‌ಮೆಂಟ್' ನೋಡಲು ಬರೀ ಆಟ: ಐಪ್ಯಾಡಿನ ಪರದೆ ತುಂಬ ಕಾರ್ಡುಗಳು, ಒಂದೇ ಥರದ್ದನ್ನು ಹುಡುಕಿ ಮುಟ್ಟಬೇಕು. ಹದಿಹರೆಯದಲ್ಲಿ ಮಿದುಳಿನ ರಕ್ತಸ್ರಾವದಿಂದ ಸ್ವತಃ ಸಿವಿಐಗೆ ಒಳಗಾದವರು ನಿಕೋಲಾ. ತಮ್ಮ ತೊಂದರೆಗೊಂದು ಹೆಸರಿದೆಯೆಂದು ಅವರಿಗೆ ತಿಳಿದದ್ದೇ ಎಷ್ಟೋ ವರ್ಷಗಳ ಮೇಲೆ.

ಆ್ಯಪ್ ಸುಳಿವು ಕೊಡುತ್ತದೆ ಅಷ್ಟೆ, ಖಚಿತಪಡಿಸಬೇಕಾದವರು ತಜ್ಞರು. ಬಟ್ಟೆಯ ರಾಶಿಯಲ್ಲಿ ತನ್ನ ಅಂಗಿ ಸಿಗದೆ, ಬೋರ್ಡಿನಿಂದ ಬರೆದುಕೊಳ್ಳಲಾಗದೆ ಒದ್ದಾಡುವ ಮಗುವನ್ನು ದಯವಿಟ್ಟು ಸೋಮಾರಿ ಎಂದು ಗದರಬೇಡಿ. ಸಯನ್ ಆಸ್ಪತ್ರೆಯಾಗಲಿ, ಪರೇಲಿನ ವಾಡಿಯಾ ಮಕ್ಕಳ ಆಸ್ಪತ್ರೆಯಾಗಲಿ ಮಾಟುಂಗಕ್ಕೆ ದೂರವಲ್ಲ. ಕಂಡದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಡಾಕ್ಟರಿಗೆ ತೋರಿಸಿ.