ಹ್ಯಾಮ್ ರೇಡಿಯೋ: ಮೊದಲ ಲೈಸೆನ್ಸ್‌ನಲ್ಲಿ ಡಿಜಿಟಲ್ ಸಂದೇಶಕ್ಕೆ ಎಷ್ಟು ಅವಕಾಶ?

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದ ಬಳಿಕ ಹ್ಯಾಮ್ ರೇಡಿಯೋ ಹವ್ಯಾಸಿಗಳು ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಂದ್ರ ತೆರೆದು ರಕ್ಷಣಾ ಕಾರ್ಯಕ್ಕೆ ನೆರವಾದರು. ಇಂಥ ಸುದ್ದಿ ಓದಿ ‘ನಾನೂ ಲೈಸೆನ್ಸ್ ಮಾಡಿಸಬೇಕು’ ಅಂದುಕೊಂಡ ಯುವಜನರು ನಮ್ಮಲ್ಲೂ ಇದ್ದಾರೆ. ಅವರು ಮೊದಲೇ ತಿಳಿದಿರಬೇಕಾದ ಒಂದು ವಿಷಯವಿದೆ. ರೇಡಿಯೋ ಸೆಟ್‌ಗೆ ಸಾಧ್ಯವಿರುವುದೆಲ್ಲ ಲೈಸೆನ್ಸ್‌ಗೆ ಸಾಧ್ಯವಿರುವುದಿಲ್ಲ. ಡಿಜಿಟಲ್ ಮೋಡ್ ವಿಷಯದಲ್ಲಂತೂ ಇದು ಎದ್ದು ಕಾಣುತ್ತದೆ.

ಡಿಜಿಟಲ್ ಮೋಡ್ ಅಂದರೆ ಕಂಪ್ಯೂಟರನ್ನು ರೇಡಿಯೋಗೆ ಜೋಡಿಸಿ, ಮಾತಿನ ಬದಲು ಅಕ್ಷರಗಳನ್ನು ಕಳುಹಿಸುವ ವಿಧಾನ. ಇವುಗಳಲ್ಲಿ ಇಂದು ಬಹಳ ಜನಪ್ರಿಯವಾದದ್ದು ಎಫ್‌ಟಿ8. ಭೌತಶಾಸ್ತ್ರದಲ್ಲಿ 1993ರ ನೊಬೆಲ್ ಪಡೆದ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕ್ ಇದನ್ನು 2017ರಲ್ಲಿ ಹೊರತಂದರು. 15 ಸೆಕೆಂಡಿಗೊಂದು ಸರದಿ, ನಮ್ಮದೇ ಮಾತು ಬರೆಯುವುದಾದರೆ ಒಂದು ಸರದಿಗೆ 13 ಅಕ್ಷರಗಳಷ್ಟೇ. ಆದರೆ ಗದ್ದಲದಲ್ಲಿ ಮಾತು ಮುಳುಗಿಹೋದಾಗಲೂ ಕಂಪ್ಯೂಟರ್ ಈ ಸಂದೇಶವನ್ನು ಹೆಕ್ಕಿ ತೆಗೆಯುತ್ತದೆ. ಹಾಗಾಗಿ ಕಡಿಮೆ ಪವರ್, ತಾರಸಿ ಮೇಲೊಂದು ತಂತಿ ಇದ್ದರೂ ದೂರದ ದೇಶ ಮುಟ್ಟಬಹುದು. ದುಬಾರಿ ಸೆಟ್ ಕೊಳ್ಳಲಾಗದ ಹೊಸಬರಿಗೆ ಹೇಳಿ ಮಾಡಿಸಿದಂತಿದೆ, ಅಲ್ಲವೇ?

ಆದರೆ ನಿಯಮ ಬೇರೆ ಮಾತು ಹೇಳುತ್ತದೆ. ಅಮೆರಿಕದ ಉದಾಹರಣೆ ನೋಡಿ. ಅಲ್ಲಿನ ಮೊದಲ ಮೆಟ್ಟಿಲು ಟೆಕ್ನಿಷಿಯನ್ ಲೈಸೆನ್ಸ್. 35 ಪ್ರಶ್ನೆಗಳಲ್ಲಿ 26 ಸರಿಯಾದರೆ ಪಾಸ್. 50 ಮೆಗಾಹರ್ಟ್ಸ್‌ಗಿಂತ ಮೇಲಿನ ಹವ್ಯಾಸಿ ಬ್ಯಾಂಡ್‌ಗಳಲ್ಲಿ ಇವರಿಗೆ ಡಿಜಿಟಲ್ ಅವಕಾಶ ಧಾರಾಳವಾಗಿದೆ. ಆದರೆ ಖಂಡಗಳನ್ನು ದಾಟುವ ಶಾರ್ಟ್‌ವೇವ್‌ನಲ್ಲಿ ಡಿಜಿಟಲ್‌ಗೆ ಸಿಗುವುದು 28.0ರಿಂದ 28.3 ಮೆಗಾಹರ್ಟ್ಸ್ ಮಾತ್ರ. ಆ ಬ್ಯಾಂಡ್ ಸೂರ್ಯನ ಚಟುವಟಿಕೆಯನ್ನು ನಂಬಿಕೊಂಡಿದೆ. ಸುಮಾರು 11 ವರ್ಷದ ಸೌರಚಕ್ರ ಇಳಿದಾಗ ಅಲ್ಲಿ ದೂರದ ಸಂಪರ್ಕವೂ ಬಹುಪಾಲು ತಣ್ಣಗಾಗುತ್ತದೆ.

ವಿಚಿತ್ರ ಇಲ್ಲಿದೆ. ಎಫ್‌ಟಿ8 ಬಳಕೆದಾರರು ಸೇರುವ 7.074 ಮೆಗಾಹರ್ಟ್ಸ್‌ನಲ್ಲಿ ಟೆಕ್ನಿಷಿಯನ್ ಮೋರ್ಸ್ ಕೋಡ್ ಕಳುಹಿಸಬಹುದು, ಎಫ್‌ಟಿ8 ಕಳುಹಿಸುವಂತಿಲ್ಲ! ಅಮೆರಿಕದಲ್ಲಿ ಮೋರ್ಸ್ ಪರೀಕ್ಷೆಯೇ 2007ರಲ್ಲಿ ರದ್ದಾಗಿದೆ. ಅಂದರೆ ಹೊಸಬರಿಗೆ ಗೊತ್ತಿಲ್ಲದ ವಿದ್ಯೆಗೆ ಬಾಗಿಲು ತೆರೆದಿದೆ, ಗೊತ್ತಿರುವ ಕಂಪ್ಯೂಟರ್‌ಗೆ ಮುಚ್ಚಿದೆ.

ಇದನ್ನು ಸರಿಪಡಿಸಿ ಎಂದು ಅಲ್ಲಿನ ಹವ್ಯಾಸಿಗಳ ರಾಷ್ಟ್ರೀಯ ಸಂಘ ಎಆರ್‌ಆರ್‌ಎಲ್ 2018ರಲ್ಲಿ ಸರಕಾರಿ ನಿಯಂತ್ರಕ ಎಫ್‌ಸಿಸಿಗೆ ಅರ್ಜಿ ಕೊಟ್ಟಿತು. 80, 40 ಮತ್ತು 15 ಮೀಟರ್ ಬ್ಯಾಂಡ್‌ಗಳಲ್ಲಿ ಟೆಕ್ನಿಷಿಯನ್‌ಗೆ ಡಿಜಿಟಲ್ ಅವಕಾಶ ಬೇಕು ಎಂಬುದು ಬೇಡಿಕೆ. ‘ಎಲ್ಲ ಮೊದಲೇ ಕೊಟ್ಟರೆ ಮುಂದಿನ ಪರೀಕ್ಷೆ ಯಾರು ಬರೀತಾರೆ?’ ಎಂಬುದು ಇಂಥ ಬೇಡಿಕೆಗೆ ಎದುರಾಗುವ ವಾದ. ಅದರಲ್ಲೂ ಹುರುಳಿದೆ. ಆದರೆ ರುಚಿಯೇ ನೋಡದವರು ಮುಂದಿನ ಮೆಟ್ಟಿಲು ಹತ್ತುವ ಮೊದಲೇ ಹವ್ಯಾಸ ಬಿಟ್ಟರೆ ಏನು ಪ್ರಯೋಜನ? 2023ರಲ್ಲಿ ಎಫ್‌ಸಿಸಿ ಶಾರ್ಟ್‌ವೇವ್ ಡಿಜಿಟಲ್‌ಗಿದ್ದ 300 ಬಾಡ್ ವೇಗಮಿತಿ ತೆಗೆದು, ಬದಲಿಗೆ 2.8 ಕಿಲೋಹರ್ಟ್ಸ್ ಅಗಲದ ಮಿತಿ ಹಾಕಿತು. ಆ ಬದಲಾವಣೆ ವೇಗಕ್ಕೆ ಸಂಬಂಧಿಸಿದ್ದು, ಟೆಕ್ನಿಷಿಯನ್‌ಗೆ ಹೊಸ ಬ್ಯಾಂಡ್ ಕೊಡಲಿಲ್ಲ.

ನಮ್ಮ ದೇಶದ ಲೈಸೆನ್ಸ್‌ನಲ್ಲಿ ರಿಸ್ಟ್ರಿಕ್ಟೆಡ್ ಮತ್ತು ಜನರಲ್ ಎಂಬ ಎರಡು ದರ್ಜೆಗಳು. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ಲೈಸೆನ್ಸ್ ಬಂದಾಗ ಅದರಲ್ಲಿ ಯಾವ ಬಗೆಯ ಪ್ರಸಾರಕ್ಕೆ ಅನುಮತಿ ಇದೆ ಎಂಬ ಕೋಡ್‌ಗಳನ್ನು ಓದಲು ಕಲಿಯಿರಿ. ಕೊನೆಯ ಅಕ್ಷರ ‘ಇ’ ಇದ್ದರೆ (ಜೆ3ಇ, ಎಫ್3ಇ) ಅದು ಮಾತು. ‘ಎ’ ಅಂದರೆ ಕಿವಿಯಿಂದ ಕೇಳಿ ಬರೆದುಕೊಳ್ಳುವ ಮೋರ್ಸ್. ‘ಬಿ’ ಅಂದರೆ ಯಂತ್ರ ಓದುವ ಅಕ್ಷರ, ‘ಡಿ’ ಅಂದರೆ ಡೇಟಾ. ನಿಮ್ಮ ಪಟ್ಟಿಯಲ್ಲಿ ಬರೀ ‘ಇ’ ಇದ್ದರೆ, ಲ್ಯಾಪ್‌ಟಾಪ್ ಎಷ್ಟೇ ಚೆನ್ನಾಗಿದ್ದರೂ ಡಿಜಿಟಲ್ ಸಂದೇಶ ಕಳುಹಿಸಬೇಡಿ. ಡಿಜಿಟಲ್ ಆಸೆ ಇರುವವರು ಜನರಲ್ ದರ್ಜೆಗೇ ತಯಾರಿ ಮಾಡುವುದು ಒಳ್ಳೆಯದು.

ಅಲ್ಲಿಯವರೆಗೆ ಸುಮ್ಮನೆ ಕೂರಬೇಕಿಲ್ಲ. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿರುವ ವೆಬ್‌ಎಸ್‌ಡಿಆರ್ ರಿಸೀವರನ್ನು ಇಂಟರ್‌ನೆಟ್ ಮೂಲಕ ಯಾರೂ ಕೇಳಬಹುದು. 7.074ಕ್ಕೆ ತಿರುಗಿಸಿದರೆ ಎಫ್‌ಟಿ8ನ ಆ ರಾಗದಂಥ ಸದ್ದು ಕಿವಿಗೆ ಬೀಳುತ್ತದೆ. ಮಂಗಳೂರಿನಲ್ಲಿ ಹ್ಯಾಮ್ ಕ್ಲಬ್ ಕೂಡ ಇದೆ. ಮಳೆಗಾಲ ನೆತ್ತಿ ಮೇಲೆ ಬಂದು, ಫೋನ್ ಸತ್ತ ದಿನ ನಿಯಮ ಓದಲು ಪುರುಸೊತ್ತು ಇರುವುದಿಲ್ಲ. ಓದುವುದಾದರೆ ಈಗಲೇ ಓದಿ.